ಪಕ್ಕದ ಸೀಟಿನ ಬ್ರೇಕು

ನನ್ನ ಗಂಡನಿಗೆ ನಿದ್ದೆ ಬರುತ್ತಿಲ್ಲ ಎಂಬುದು ಮೊದಲು ಗೊತ್ತಾದದ್ದು ನನ್ನ ಮೀನಖಂಡಕ್ಕೆ.

ಇವರು ಕಾರು ಕಲಿಸುವ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕಿದ್ದರೆ, ಪಕ್ಕದ ಸೀಟಿನಲ್ಲಿ ಕೂರುವ ಇವರ ಕಾಲಡಿ ಇನ್ನೊಂದಿರುತ್ತದೆ. ದಿನವಿಡೀ ಅದನ್ನು ಒತ್ತಿ ಒತ್ತಿ ಇವರ ಬಲಗಾಲಿಗೆ ಅದೇ ಚಾಳಿಯಾಗಿಬಿಟ್ಟಿದೆ. ಬಸ್ಸಿನಲ್ಲಿ ಕೂತರೂ ಒತ್ತುತ್ತಾರೆ. ಟೀವಿಯಲ್ಲಿ ಯಾರಾದರೂ ಜೋರಾಗಿ ಗಾಡಿ ಓಡಿಸಿದರೂ ಸೋಫಾದ ಮುಂದಿನ ನೆಲವನ್ನು ಒತ್ತುತ್ತಾರೆ. ಅದನ್ನು ನೋಡಿ ನಾನೂ ಮಗಳೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ಆದರೆ ಹಾಸಿಗೆಯಲ್ಲಿ ಒತ್ತಲು ಶುರು ಮಾಡಿದ ಮೇಲೆ ನಗು ಬರಲಿಲ್ಲ. ಇನ್ನೇನು ಜೊಂಪು ಹತ್ತಿತು ಅನ್ನುವಷ್ಟರಲ್ಲಿ ಆ ಕಾಲು ಝಾಡಿಸಿ ನನ್ನ ಮೀನಖಂಡಕ್ಕೆ ಬಡಿಯುತ್ತಿತ್ತು. ಇವರು ಬೆಚ್ಚಿ ಎದ್ದು ಕೂರುತ್ತಿದ್ದರು.

"ಏನ್ರೀ?"

"ಏನಿಲ್ಲ, ಮಲಕ್ಕೋ."

ಈ "ಏನಿಲ್ಲ" ಅನ್ನುವ ಮಾತನ್ನು ಮೊದಲು ಆಡಿದವರು ಯಾರೋ, ನನ್ನ ಕೈಗೆ ಸಿಗಬೇಕು. ನಮ್ಮ ಮನೆಯನ್ನು ಅರ್ಧ ಹಾಳು ಮಾಡಿದ್ದೇ ಅದು. ಆಮೇಲೆ ಇವರು ಮಗ್ಗುಲು ಬದಲಾಯಿಸುವುದು, ನೀರು ಕುಡಿಯುವುದು, ಕಿಟಕಿಯ ಹತ್ತಿರ ಹೋಗಿ ನಿಲ್ಲುವುದು. ಬೆಳಗಾದರೆ ಕೆಂಡದಂಥ ಕಣ್ಣು ಇಟ್ಟುಕೊಂಡು, ಕಾಫಿ ಲೋಟ ಹಿಡಿದು, ಮಾತಾಡಿಸಿದರೆ ಮೈಮೇಲೆ ಬರುವುದು.

ಇನ್ನೊಂದು ಕೋಣೆಯದು ಬೇರೆಯೇ ಕಥೆ. ಅಪ್ಪನಿಗೆ ನಿದ್ದೆ ಬರದು, ಮಗಳಿಗೆ ಎಷ್ಟು ನಿದ್ದೆಯೂ ಸಾಲದು. ಪುಟ್ಟಿ ಹಲ್ಲಿನ ಡಾಕ್ಟರ ಹತ್ತಿರ ಕಟ್ಟುಹಲ್ಲಿನ ಅಚ್ಚು ತೆಗೆಯುವ ಕೆಲಸ ಮಾಡುತ್ತಾಳೆ. ಸಂಜೆ ಬಂದವಳೇ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು ಹಾಸಿಗೆಗೆ ಬೀಳುತ್ತಾಳೆ. ಊಟಕ್ಕೆ ಎಬ್ಬಿಸಿದರೆ ಎದ್ದು ಉಂಡು ಮತ್ತೆ ಬೀಳುತ್ತಾಳೆ. ಭಾನುವಾರವಂತೂ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಇಷ್ಟು ಮಲಗಿ ಎದ್ದರೆ ಮುಖ ಅರಳಿರಬೇಕಲ್ಲ? ಮೂಟೆ ಹೊತ್ತು ಬಂದವಳ ಹಾಗೆ ಗೋಡೆ ಹಿಡಿದುಕೊಂಡು ಬರುತ್ತಾಳೆ. "ಸುಸ್ತಾಗಿದೆ ಅಮ್ಮ" ಅನ್ನುತ್ತಾಳೆ. ಮಲಗಿ ಮಲಗಿ ದಣಿಯುವವರನ್ನು ನಾನು ಕಂಡದ್ದು ನನ್ನ ಮನೆಯಲ್ಲೇ.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಿದ್ದೆಯ ಗುಳಿಗೆ ಕೇಳಿಕೊಂಡು ಬರುವವರನ್ನು "ಡಾಕ್ಟರ ಚೀಟಿ ತನ್ನಿ" ಎಂದು ವಾಪಸು ಕಳಿಸುವವಳು ನಾನೇ. ಆ ಕೌಂಟರಿನ ಹಿಂದೆ ನಿಂತು ನಾನೇ ಆಕಳಿಸುತ್ತಿದ್ದೆ. ಪಕ್ಕದ ಮನೆಯವರು ಬಿಸಿ ಹಾಲು ಅಂದರು, ನನ್ನ ಅತ್ತಿಗೆ ಅಂಗಾಲಿಗೆ ಎಣ್ಣೆ ಅಂದಳು. ಹಾಲು ಕುಡಿಸಿದೆ, ಎಣ್ಣೆ ತಿಕ್ಕಿದೆ. ಎಣ್ಣೆ ತಿಕ್ಕಿದ ಕಾಲು ಇನ್ನೂ ನುಣ್ಣಗೆ ಬಂದು ಬಡಿಯಿತು, ಅಷ್ಟೇ ಲಾಭ. ಕೊನೆಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಎದೆ, ಬೆನ್ನು, ನಾಲಿಗೆ ಎಲ್ಲ ನೋಡಿ, "ಮೈಗೇನೂ ಆಗಿಲ್ಲ. ಮನಸ್ಸಿಗೆ ಏನಾದ್ರೂ ಹಚ್ಕೊಂಡಿದ್ದೀರಾ?" ಎಂದು ಕೇಳಿದರು.

"ಏನಿಲ್ಲ" ಅಂದರು ಇವರು.

ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದು ಎಸೆಯಲಿಲ್ಲ, ಅದೇ ದೊಡ್ಡದು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅದನ್ನೂ ಇವರು ಮುಟ್ಟಲಿಲ್ಲ. "ಗುಳಿಗೆ ತಗೊಂಡು ಬೆಳಿಗ್ಗೆ ತೂಕಡಿಸಿಕೊಂಡು ಆ ಸೀಟಲ್ಲಿ ಕೂರೋದಾ?" ಎಂದರು. ಗುಳಿಗೆ ಇಲ್ಲದೆಯೇ ತೂಕಡಿಸುತ್ತಿದ್ದಾರಲ್ಲ, ಅದಕ್ಕೇನು ಹೇಳಬೇಕು?

ಇಷ್ಟಕ್ಕೆಲ್ಲ ಮೂಲ ನನಗೆ ಗೊತ್ತಿಲ್ಲದೆ ಇರಲಿಲ್ಲ. ಅರ್ಧ ಗೊತ್ತಿತ್ತು. ನನ್ನ ತಮ್ಮ ಎಲ್ಲೋ ಪ್ರಯಾಣ ಹೊರಟವನು ತನ್ನ ಕಾರನ್ನು ನಮ್ಮ ಬಾಗಿಲಲ್ಲಿ ಬಿಟ್ಟು ಹೋಗಿದ್ದ. ಪುಟ್ಟಿಗೆ ಆಗಷ್ಟೇ ಲೈಸೆನ್ಸು ಬಂದಿತ್ತು. ಸ್ಕೂಲಿನ ಕಾರಿನಲ್ಲಿ ಅಪ್ಪನ ಪಕ್ಕವೇ ಕೂತು ಕಲಿತವಳು. ಅಪ್ಪ ಮಗಳು ಒಂದು ಸುತ್ತು ಹೋಗಿಬರುತ್ತೇವೆಂದು ತಮ್ಮನ ಕಾರಿನಲ್ಲಿ ಕುಣಿಯುತ್ತಾ ಹೊರಟರು. ಮಾರುಕಟ್ಟೆಯ ತಿರುವಿನಲ್ಲಿ ಸೈಕಲ್ಲು ತುಳಿದುಕೊಂಡು ಅಡ್ಡ ಬಂದ ಬೀಗ ರಿಪೇರಿಯವನಿಗೆ ಕಾರು ಗುದ್ದಿತು. ಅವನ ಕಾಲು ಮುರಿಯಿತು. ಆಸ್ಪತ್ರೆ, ಪೊಲೀಸು, ಓಡಾಟ, ಎಲ್ಲ ಆಯಿತು. ಅವನ ಕಾಲು ಕೂಡಿಕೊಂಡಿತು. ಈಗ ಅದೇ ಸೈಕಲ್ಲಿನ ಹ್ಯಾಂಡಲ್ಲಿಗೆ ಕೀಲಿಗೊಂಚಲು ತೂಗುಹಾಕಿಕೊಂಡು ಝಣಝಣ ಸದ್ದು ಮಾಡುತ್ತಾ ನಮ್ಮ ಬೀದಿಯಲ್ಲೇ ಹೋಗುತ್ತಾನೆ. ನನ್ನನ್ನು ಕಂಡರೆ ಕೈಯೆತ್ತಿ ನಗುತ್ತಾನೆ. ಆ ಝಣಝಣ ಕಿವಿಗೆ ಬಿದ್ದರೆ ಸಾಕು, ಇವರು ಕಿಟಕಿಯಿಂದ ಹಿಂದೆ ಸರಿಯುತ್ತಾರೆ. ಪುಟ್ಟಿ ತಲೆಯ ಮೇಲೆ ಹೊದಿಕೆ ಎಳೆದುಕೊಳ್ಳುತ್ತಾಳೆ. ಬಿದ್ದವನು ಎದ್ದು ಓಡಾಡುತ್ತಿದ್ದಾನೆ, ನನ್ನ ಮನೆಯ ಇಬ್ಬರು ಮಾತ್ರ ಇನ್ನೂ ಆ ತಿರುವಿನಲ್ಲೇ ಬಿದ್ದಿದ್ದಾರೆ.

ಆ ದಿನ ಕಾರಿನೊಳಗೆ ನಿಜವಾಗಿ ಏನಾಯಿತು ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ನನಗಷ್ಟೇ ಅಲ್ಲ, ಒಬ್ಬರಿಗೊಬ್ಬರೂ ಹೇಳಿಕೊಳ್ಳಲಿಲ್ಲ. ಪುಟ್ಟಿ ಮತ್ತೆ ಸ್ಟೇರಿಂಗು ಮುಟ್ಟಲಿಲ್ಲ, ಬಸ್ಸಿಗೆ ನಿಂತಳು. ಇವರು "ಬಾ, ಒಂದು ಸುತ್ತು ಹೋಗೋಣ" ಅಂತ ಕರೆಯಲೂ ಇಲ್ಲ. ಊಟದ ಮೇಜಿನಲ್ಲಿ ಇಬ್ಬರೂ ನನ್ನ ಜೊತೆ ಮಾತ್ರ ಮಾತಾಡುತ್ತಿದ್ದರು. ಉಪ್ಪಿನ ಡಬ್ಬಿ ಇವರಿಂದ ಅವಳಿಗೆ ಹೋಗಬೇಕಾದರೂ ನನ್ನ ಕೈ ದಾಟಿಯೇ ಹೋಗಬೇಕು.

ನನಗಿದ್ದ ಭಯ ಒಂದೇ, ಅದನ್ನು ಮುಚ್ಚಿಡುವುದೇಕೆ? ಇವರು ಆ ಪಕ್ಕದ ಸೀಟಿನಲ್ಲಿ ನಿದ್ದೆ ಹೋಗುತ್ತಾರೆ, ಸ್ಟೇರಿಂಗು ಹಿಡಿದವರಿಗೆ ಕೈಕಾಲು ಆಡುವುದಿಲ್ಲ, ಯಾರದೋ ಪ್ರಾಣ ಹೋಗುತ್ತದೆ. ಇವರದೇ ಹೋಗಬಹುದು. ಕಲಿಯಲು ಬಂದವರಿಗೆ ಇವರು ಮೊದಲ ದಿನವೇ ಹೇಳುವ ಮಾತು ಒಂದಿದೆ: "ನಾನು ನಿಲ್ಲಿಸಿ ಅನ್ನೋವರೆಗೂ ನಿಲ್ಲಿಸಬೇಡಿ. ಹೆದರಬೇಡಿ, ನನ್ನ ಕಾಲಿದೆ." ಆ ಕಾಲನ್ನು ನಂಬಿಕೊಂಡು ಅರ್ಧ ಊರು ಕಾರು ಕಲಿತಿದೆ. ಈಚೆಗೆ ಒಬ್ಬ ಕಲಿಯುವವನ ಕೈಯಲ್ಲಿ ಕಾರು ಮರಕ್ಕೆ ಮೈ ಉಜ್ಜಿಕೊಂಡು ನಿಂತಿತ್ತು. ಇವರಿಗೆ ಮಂಪರು. ಸ್ಕೂಲಿನ ಯಜಮಾನ ಕರೆದು, "ಇನ್ನೊಂದು ದೂರು ಬಂದ್ರೆ ನಿಮ್ಮನ್ನ ಆ ಸೀಟಲ್ಲಿ ಕೂರಿಸಲ್ಲ ಮೇಷ್ಟ್ರೇ" ಎಂದ.

"ಒಂದಷ್ಟು ದಿನ ರಜೆ ಹಾಕಿ ಮನೇಲಿರಿ" ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ.

"ಮನೇಲಿ ಕೂತು ಏನು ಮಾಡಲಿ? ಕಣ್ಣು ಮುಚ್ಚಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಕಣ್ಣು ಮುಚ್ಚಿದ್ರೆ ಏನು?"

"ಏನಿಲ್ಲ."

ಆ ಭಾನುವಾರ ಅಂಗಡಿ ಅರ್ಧ ದಿನ. ನಾನು ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದೆ. ಪುಟ್ಟಿ ಎಂದಿನಂತೆ ಮಲಗಿದ್ದಳು. ಇವರು ಪಾಠಕ್ಕೆ ಹೋಗಿದ್ದರು. ಬೀದಿಯಲ್ಲಿ ಹಾರ್ನು ಕೇಳಿಸಿತು. ಗಟ್ಟಿ ಹಾರ್ನಲ್ಲ, ಕೆಮ್ಮಿ ಕರೆಯುವ ಹಾಗೆ ಸಣ್ಣದು. ಹೊರಗೆ ಬಂದರೆ ಸ್ಕೂಲಿನ ಕಾರು ನಮ್ಮ ಗೇಟಿನ ಮುಂದೆ ಅಡ್ಡಡ್ಡ ನಿಂತಿದೆ. ಸ್ಟೇರಿಂಗಿನ ಹಿಂದೆ ಟೈಲರಮ್ಮ. ಮುಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟವರು, ನನ್ನ ಬಟ್ಟೆಗಳನ್ನೂ ಅವರೇ ಹೊಲಿಯುವುದು. ಮೊಮ್ಮಕ್ಕಳನ್ನು ನೋಡಲು ತಾನೇ ಕಾರು ಓಡಿಸಿಕೊಂಡು ಹೋಗಬೇಕೆಂದು ಈ ವಯಸ್ಸಿನಲ್ಲಿ ಕಲಿಯಲು ಸೇರಿದ್ದರು. ಪಕ್ಕದ ಸೀಟಿನಲ್ಲಿ ಇವರು. ಕತ್ತು ಒಂದು ಕಡೆ ವಾಲಿದೆ, ಬಾಯಿ ತೆರೆದಿದೆ.

ಸೋಪಿನ ಕೈಯಲ್ಲೇ ಕಾರಿನ ಕಡೆ ಓಡಿದೆ.

ಟೈಲರಮ್ಮ ತುಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಇಳಿದರು. ಮೈಯೆಲ್ಲ ಬೆವರು. ಗೇಟಿನ ಕಂಬ ಹಿಡಿದುಕೊಂಡು ಪಿಸುಗುಟ್ಟಿದರು: "ಏನೂ ಆಗಿಲ್ಲ ಕಣಮ್ಮ, ನಿದ್ದೆ. ಬರೀ ನಿದ್ದೆ."

"ಎಲ್ಲಿಂದ ಹೀಗೆ?"

"ಆಟದ ಮೈದಾನದ ಹತ್ರದಿಂದ. ಮೇಷ್ಟ್ರು ಸುಮ್ನಿದ್ರು. ನಾನು ಅಷ್ಟು ಚೆನ್ನಾಗಿ ಓಡಿಸ್ತಿದ್ದೀನಿ, ಅದಕ್ಕೇ ಬೈತಿಲ್ಲ ಅಂತ ಖುಷೀಲಿದ್ದೆ. ಆಮೇಲೆ ಗೊರಕೆ ಕೇಳಿಸ್ತು. ಅವರು ನಿಲ್ಲಿಸಿ ಅನ್ನೋವರೆಗೂ ನಿಲ್ಲಿಸಬಾರದು ಅಂತಲ್ವಾ? ಅವರು ಅನ್ನಲಿಲ್ಲ, ನಾನು ನಿಲ್ಲಿಸಲಿಲ್ಲ. ಮೈದಾನದ ಸುತ್ತ ಸುತ್ತಿದ್ದೇ ಸುತ್ತಿದ್ದು. ಐಸ್‌ಕ್ರೀಮ್ ಗಾಡಿಯವನು ನನ್ನ ನೋಡಿ ಕೈ ಬೀಸೋಕೆ ಶುರು ಮಾಡಿದ."

"ಸ್ಕೂಲಿಗೆ ಹೋಗಬಾರದಿತ್ತಾ?"

"ಯಜಮಾನ್ರ ಕಣ್ಣಿಗೆ ಬಿದ್ರೆ ಮೇಷ್ಟ್ರ ಗತಿ ಏನು? ಅದಕ್ಕೇ ಇಲ್ಲಿಗೆ ಬಂದೆ."

ನಮ್ಮ ಪಿಸುಮಾತಿಗೆ ಪುಟ್ಟಿ ಬಾಗಿಲಿಗೆ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಇತ್ತು. ಕಾರು ನೋಡಿದಳು, ಅಪ್ಪನನ್ನು ನೋಡಿದಳು, ಎಲ್ಲ ಕೇಳಿಸಿಕೊಂಡಳು. ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಹೊತ್ತೂ ಅಪ್ಪ ಒಂದು ಸಲನೂ ಬ್ರೇಕ್ ಒತ್ತಲಿಲ್ವಾ?"

"ಮೈಮೇಲೆ ಎಚ್ಚರ ಇದ್ರೆ ತಾನೇ ಒತ್ತೋದು? ನಾಯಿ ಅಡ್ಡ ಬಂತು, ನಾನೇ ಒತ್ತಿದೆ. ಒತ್ತಿದ್ರೆ ನಿಲ್ಲುತ್ತೆ ಕಣೇ ಅದು!" ಟೈಲರಮ್ಮನಿಗೆ ತಮ್ಮ ಮಾತು ತಮಗೇ ಸೋಜಿಗವಾಗಿತ್ತು.

ಪುಟ್ಟಿ ತನ್ನ ಪಾದ ನೋಡಿಕೊಂಡಳು.

ಅಷ್ಟರಲ್ಲಿ ಬೀದಿಯ ತುದಿಯಿಂದ ಸಾಮಾನು ಸಾಗಿಸುವ ವ್ಯಾನೊಂದು ಬಂದು ನಮ್ಮ ಕಾರಿನ ಹಿಂದೆ ನಿಂತಿತು. ದಾರಿ ಇಲ್ಲ. ಅದರ ಡ್ರೈವರು ಹಾರ್ನಿಗೆ ಕೈ ಹಾಕುವ ಮೊದಲೇ ನಾನು ಓಡಿಹೋಗಿ ಕೈ ಮುಗಿದೆ. ಇವರ ಜೇಬಿನ ಫೋನು ಬೇರೆ ಗುರುಗುಡತೊಡಗಿತ್ತು. ಯಜಮಾನನದೇ ಇರಬೇಕು, ಮುಂದಿನ ಪಾಠದವರು ಬಂದು ಕಾದಿರುತ್ತಾರೆ. ಕಾರು ಇಲ್ಲಿಂದ ಹೊರಡಬೇಕು. ಟೈಲರಮ್ಮ "ನನ್ನ ಕೈಲಿ ಇನ್ನೊಂದು ಮಾರೂ ಆಗಲ್ಲ, ಕಾಲು ನಡುಗ್ತಿದೆ" ಎಂದರು. ನನಗೆ ಬರುವುದಿಲ್ಲ. ಊರಿಗೆಲ್ಲ ಕಾರು ಕಲಿಸಿದವರ ಹೆಂಡತಿ ನಾನು, ಸೈಕಲ್ಲಿನ ಬೆಲ್ಲನ್ನೂ ಸರಿಯಾಗಿ ಹೊಡೆಯಲಾರೆ.

ನಾನು ಪುಟ್ಟಿಯ ಮುಖ ನೋಡಿದೆ.

"ನಾನು ಓಡಿಸಲ್ಲ" ಎಂದಳು.

"ಸರಿ, ಹಾಗಾದ್ರೆ ಅಪ್ಪನ್ನ ಎಬ್ಬಿಸು" ಎಂದೆ. ದನಿ ಏರಿತ್ತು, ಇಳಿಸಿಕೊಂಡೆ. "ಎಷ್ಟು ಕಾಲದ ಮೇಲೆ ಕಣ್ಣು ಮುಚ್ಚಿದ್ದಾರೆ ಅಂತ ನಿನಗೆ ಗೊತ್ತಾ? ನಾನಂತೂ ಎಬ್ಬಿಸಲ್ಲ. ನೀನೇ ಎಬ್ಬಿಸು, ನಿನ್ನ ಕೈಯಾರೆ."

ಅವಳು ಬಾಗಿಲು ತೆರೆದು ಬಗ್ಗಿದಳು. ಭುಜದ ಹತ್ತಿರ ಕೈ ಒಯ್ದಳು. ಇವರ ಕಣ್ಣಿನ ಕೆಳಗೆ ಕಪ್ಪು ಹಿಡಿದ ಎರಡು ಚೀಲಗಳು. ಗಡ್ಡ ಒಂದು ಕಡೆ ಮಾತ್ರ ಕ್ಷೌರವಾಗಿತ್ತು, ಇನ್ನೊಂದು ಕಡೆ ಮರೆತೇ ಬಿಟ್ಟಿದ್ದರು. ಬೆಳಿಗ್ಗೆ ನನಗೂ ಕಂಡಿರಲಿಲ್ಲ ನೋಡಿ. ಪುಟ್ಟಿ ಹಾಗೇ ಬಗ್ಗಿ ನಿಂತೇ ಇದ್ದಳು. ಆಮೇಲೆ ನೆಟ್ಟಗಾಗಿ ಕಾರನ್ನು ಸುತ್ತಿ ಬಂದು ಸ್ಟೇರಿಂಗಿನ ಹಿಂದೆ ಕೂತಳು.

"ಅಮ್ಮ, ಅಪ್ಪನ ಕಾಲು ಬ್ರೇಕ್ ಮೇಲಿದೆ. ನಿದ್ದೇಲಿ ಒತ್ತಿಬಿಟ್ರೆ ಹಿಂದಿನ ಗಾಡಿ ಬಂದು ಗುದ್ದುತ್ತೆ. ತೆಗೀ."

ನಾನು ಬೀದಿಯಲ್ಲಿ ಮಂಡಿಯೂರಿ, ಎರಡೂ ಕೈಯಲ್ಲಿ ಇವರ ಬಲಗಾಲನ್ನು ಹಿಡಿದು ಬ್ರೇಕಿನಿಂದ ಎತ್ತಿದೆ. ಮಲಗಿದ ಮಗುವಿನ ಕಾಲಿನ ಹಾಗೆ ಭಾರವಾಗಿತ್ತು. ನಾನೂ ಟೈಲರಮ್ಮನೂ ಸೇರಿ ಸೀಟನ್ನು ಹಿಂದಕ್ಕೆ ತಳ್ಳಿದೆವು. ಎಳೆದಾಟ, ಪಿಸುಮಾತು, ಫೋನು ಏನೂ ಇವರನ್ನು ಮುಟ್ಟಲಿಲ್ಲ. ಕಾಲು ಚಾಚಿದರೂ ಈಗ ಬ್ರೇಕು ಎಟುಕುವುದಿಲ್ಲ. ನಾವಿಬ್ಬರೂ ಹಿಂದೆ ಹತ್ತಿಕೊಂಡೆವು.

ಪುಟ್ಟಿ ಕಾರು ಶುರು ಮಾಡಿದಳು. ಮೊದಲನೇ ಸಲ ನಿಂತುಹೋಯಿತು, ಎರಡನೇ ಸಲವೂ. ಮೂರನೆಯದಕ್ಕೆ ಹೊರಟಿತು. ಕನ್ನಡಿಯಲ್ಲಿ ಅವಳ ಹಣೆ ಮಾತ್ರ ಕಾಣುತ್ತಿತ್ತು, ಅದರ ಮೇಲೆ ಬೆವರು. ಬೀದಿ ದಾಟಿ, ಬ್ಯಾಂಕಿನ ಮುಂದೆ ಹಾದು, ದೊಡ್ಡ ರಸ್ತೆಗೆ ಬಂದೆವು. ಮಗಳು ಓಡಿಸುತ್ತಿದ್ದಾಳೆಂದು ಸಂತೋಷ ಪಡುವುದೋ, ಇವಳನ್ನು ಈ ಸೀಟಿನಲ್ಲಿ ಕೂರಿಸಿದೆನಲ್ಲ ಎಂದು ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ. ಟೈಲರಮ್ಮ ನನ್ನ ಮುಂಗೈ ಹಿಡಿದವರು ಬಿಟ್ಟಿರಲಿಲ್ಲ.

ಪೀಠೋಪಕರಣದ ಅಂಗಡಿಯ ಹತ್ತಿರ, ನಿಂತ ಲಾರಿಯ ಮರೆಯಿಂದ ಒಬ್ಬ ಮನುಷ್ಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ ಗಾಡಿ ತಳ್ಳುತ್ತಾ ರಸ್ತೆಗೇ ಬಂದುಬಿಟ್ಟ. ಕುರ್ಚಿಗಳ ಹಿಂದೆ ಅವನಿಗೆ ನಾವು ಕಾಣುವಂತೆಯೇ ಇರಲಿಲ್ಲ.

ಕಾರು ನಿಂತಿತು. ಮುಂದಕ್ಕೆ ಮುಗ್ಗರಿಸಿ, ಕಿರ್ರೆಂದು, ಗಾಡಿಗೆ ಒಂದು ಮೊಳ ಇರುವಾಗ ನಿಂತಿತು. ಮೇಲಿನ ಕುರ್ಚಿಯೊಂದು ಜಾರಿ ಬಿತ್ತು.

ಆ ಎಳೆತಕ್ಕೆ ಇವರು ಎಚ್ಚರಾದರು. ಎಚ್ಚರಾಗುವ ಮೊದಲೇ ಕಾಲು ಎಚ್ಚರಾಗಿತ್ತು. ಪೂರ್ತಿ ಬಲ ಹಾಕಿ ಧಡ್ ಅಂತ ಒತ್ತಿತು. ಸಿಕ್ಕಿದ್ದು ಬರಿಯ ಮ್ಯಾಟು. ಮತ್ತೆ ಒತ್ತಿದರು, ಮತ್ತೆ. "ಇಲ್ಲ, ಇಲ್ಲಿಲ್ಲ, ಬ್ರೇಕಿಲ್ಲ" ಎಂದು ಕೂಗಿದರು.

"ಅಪ್ಪ, ಅಪ್ಪ. ನಿಂತಿದೆ. ನಾನು ಒತ್ತಿದೆ."

ಇವರು ಮುಂದೆ ನೋಡಿದರು. ಕುರ್ಚಿಯವನು ಬೈಯುತ್ತಾ ತನ್ನ ಕುರ್ಚಿ ಎತ್ತಿಕೊಳ್ಳುತ್ತಿದ್ದ. ಆಮೇಲೆ ಸ್ಟೇರಿಂಗಿನ ಹಿಂದೆ ಯಾರಿದ್ದಾರೆಂದು ನೋಡಿದರು. ನೋಡಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಅವತ್ತೂ ಹೀಗೇ ಒತ್ತಿದೆ ಪುಟ್ಟಿ" ಎಂದರು ಕೈಯೊಳಗಿಂದಲೇ. "ಹೀಗೇ, ಬರೀ ಮ್ಯಾಟನ್ನ. ಅದು ನಿನ್ನ ಮಾವನ ಕಾರು, ನನ್ನ ಹತ್ರ ಬ್ರೇಕಿಲ್ಲ ಅನ್ನೋದೇ ತಲೇಲಿರಲಿಲ್ಲ. ಒತ್ತಿದೀನಿ, ನಿಲ್ಲುತ್ತೆ ಅಂದ್ಕೊಂಡೆ. ಬಾಯಲ್ಲಿ ಒಂದು ಮಾತು ಹೇಳಿದ್ರೂ ನೀನು ನಿಲ್ಲಿಸ್ತಿದ್ದೆ. ಹೇಳಲಿಲ್ಲ. ಕಣ್ಣು ಮುಚ್ಚಿದ್ರೆ ಕಾಲ ಕೆಳಗೆ ಆ ಮ್ಯಾಟೇ ಸಿಗುತ್ತೆ."

ಪುಟ್ಟಿ ಸ್ಟೇರಿಂಗು ಬಿಡದೆ, ಮುಂದೆಯೇ ನೋಡುತ್ತಾ ಹೇಳಿದಳು: "ನಂಗೆ ಸೈಕಲ್ ಕಾಣಿಸಿತ್ತು ಅಪ್ಪ. ಇದನ್ನ ನಿನಗೆ ಹೇಳ್ಬೇಕು ಅಂತ, ನೀನು ಮಲಗಿದ್ಯಾ, ಎದ್ದಿದ್ಯಾ ಅಂತ ರಾತ್ರಿಯೆಲ್ಲ ಗೋಡೆಗೆ ಕಿವಿ ಕೊಟ್ಟು ಕೇಳ್ತಿದ್ದೆ, ಹೇಳಕ್ಕೆ ಧೈರ್ಯ ಬರಲಿಲ್ಲ. ಅವತ್ತು ಸೈಕಲ್ ದೂರದಿಂದಲೇ ಕಾಣಿಸಿತ್ತು. ಕಾಲು ಬ್ರೇಕ್ ಮೇಲೇ ಇತ್ತು. ನೀನು ಒತ್ತುತ್ತೀಯ ಅಂತ ಕಾಯ್ತಾ ಇದ್ದೆ. ಯಾವಾಗಲೂ ನೀನೇ ಮೊದಲು ಒತ್ತೋದಲ್ವಾ?"

ಹಿಂದಿನ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು.

ನನಗೆ ಆಗ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. "ಇಬ್ರೂ ಕೇಳಿಸ್ಕೊಳ್ಳಿ" ಎಂದೆ. "ಅವರು ಒತ್ತುತ್ತಾರೆ ಅಂತ ಇವಳು, ಒತ್ತಿದೀನಿ ಅಂತ ಅವರು. ಆ ಬೀಗದವನ ಕಾಲು ಮುರಿದದ್ದು ದೊಡ್ಡ ವಿಷಯ, ಇಲ್ಲ ಅನ್ನಲ್ಲ. ಹೋಗಿ ಅವನ ಮುಂದೆ ನಿಂತು ಇದನ್ನೇ ಹೇಳಿ, ಅವನು ಬೈದರೆ ಬೈಸಿಕೊಳ್ಳಿ. ಅದು ಬಿಟ್ಟು ಒಂದೇ ಗೋಡೆಯ ಆ ಕಡೆ ಒಬ್ರು ಈ ಕಡೆ ಒಬ್ರು ಏನಿಲ್ಲ ಏನಿಲ್ಲ ಅಂತ ಸಾಯ್ತಾ ಇದ್ರಲ್ಲ, ನಡುವೆ ನಾನೊಬ್ಬಳು ಇದ್ದೀನಿ ಅನ್ನೋದು ಯಾರಿಗೂ ಹೊಳೀಲಿಲ್ವಾ?" ಅಷ್ಟು ಹೇಳುವಷ್ಟರಲ್ಲಿ ಅಳು ಬಂದೇಬಿಟ್ಟಿತು.

"ನನ್ನನ್ನ ಇಲ್ಲೇ ಇಳಿಸ್ತೀರಾ?" ಎಂದರು ಟೈಲರಮ್ಮ. "ನಡ್ಕೊಂಡು ಹೋಗ್ತೀನಿ. ಇವತ್ತಿಗೆ ಸಾಕು ನನಗೆ."

ಇವರು ನಕ್ಕರು. ಒಡೆದ ದನಿಯ ನಗು, ಆದರೂ ನಗುವೇ. ಪುಟ್ಟಿ ಕಾರನ್ನು ಬದಿಗೆ ತಂದು ಟೈಲರಮ್ಮನನ್ನು ಇಳಿಸಿದಳು. ಫೋನು ಮತ್ತೆ ಗುರುಗುಟ್ಟಿತು. ಈ ಸಲ ಇವರು ಎತ್ತಿದರು. "ಯಜಮಾನ್ರೇ, ಕಾರು ತಂದು ಒಪ್ಪಿಸ್ತೀನಿ. ನಾನು ಪಾಠದ ನಡುವೆ ನಿದ್ದೆ ಹೋಗಿದ್ದೆ. ಹ್ಞೂಂ, ಪೂರ್ತಿ ನಿದ್ದೆ. ನೀವು ಹೇಳೋದು ಬೇಡ, ನಾನೇ ಹೇಳ್ತಿದ್ದೀನಿ. ಸರಿಯಾಗಿ ಮಲಗೋಕೆ ಶುರುವಾಗೋವರೆಗೂ ಆ ಸೀಟಲ್ಲಿ ಕೂರಲ್ಲ." ಆ ಕಡೆಯಿಂದ ಬಂದ ಮಾತು ಜೋರಾಗಿಯೇ ಇತ್ತು. ಇವರು ಅದನ್ನು ಪೂರ್ತಿ ಕೇಳಿಸಿಕೊಂಡು ಫೋನು ಜೇಬಿಗಿಟ್ಟರು. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲು ಕೆಳಗೆ ಕೈ ಹಾಕಿದರು.

"ಬೇಡ ಅಪ್ಪ" ಎಂದಳು ಪುಟ್ಟಿ. "ಹಾಗೇ ಇರಲಿ."

ಇವರು ಕೈ ತೆಗೆದರು. ಕಾರು ಹೊರಟಿತು. ಸ್ವಲ್ಪ ದೂರ "ಕನ್ನಡಿ ನೋಡು", "ಗೇರ್ ಇಳಿಸು" ಎಂದು ಗೊಣಗಿದರು. ಆಮೇಲೆ ಮಾತಿನ ನಡುವೆಯೇ ಕತ್ತು ವಾಲಿತು. ಸ್ಕೂಲಿಗೆ ಎಡಕ್ಕೆ ತಿರುಗಬೇಕು. ಪುಟ್ಟಿ ಕನ್ನಡಿಯಲ್ಲಿ ನನ್ನ ಕಡೆ ನೋಡಿದಳು. ಹಾಗೇ ಹೋಗು ಎಂದು ನಾನು ತಲೆಯಾಡಿಸಿದೆ. ಅವಳು ತಿರುಗದೆ ನೇರ ಹೋದಳು. ಯಜಮಾನ ಹೇಗೂ ಬೈದಾಯಿತು, ಇನ್ನೊಂದು ಸುತ್ತಿಗೆ ಹೊಸದಾಗಿ ಏನು ಬೈದಾನು?

ಮೈದಾನದ ಹತ್ತಿರ ಮಕ್ಕಳು ಆಡುತ್ತಿದ್ದರು. ಚೆಂಡು ರಸ್ತೆಯ ಅಂಚಿಗೆ ಬಂತು. ಪುಟ್ಟಿ ನಿಧಾನ ಮಾಡಿದಳು. ನಾನು ಇವರ ಕಾಲನ್ನೇ ನೋಡುತ್ತಿದ್ದೆ. ಅದು ಅಲ್ಲಾಡಲಿಲ್ಲ. ಪಾದ ಹೊರಮಗ್ಗುಲಿಗೆ ವಾಲಿ, ಚಪ್ಪಲಿ ಅರ್ಧ ಕಳಚಿ, ಹಾಗೇ ಬಿದ್ದಿತ್ತು.

ಆಗಲೇ ನನ್ನ ಮೀನಖಂಡ ಹಿಡಿದುಕೊಂಡಿರುವುದು ಗೊತ್ತಾಯಿತು. ಕೆಳಗೆ ನೋಡಿದೆ. ನನ್ನ ಬಲಗಾಲು ಕಾರಿನ ನೆಲವನ್ನು ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿ ಹಿಡಿದಿತ್ತು. ಮನೆಯ ಗೇಟಿನಿಂದಲೇ ಒತ್ತಿಕೊಂಡು ಬಂದಿತ್ತೋ, ಅದಕ್ಕೂ ಎಷ್ಟೋ ಹಿಂದಿನಿಂದ ಒತ್ತುತ್ತಿತ್ತೋ! ಬಿಡು ಅಂದೆ, ಅದು ಬಿಡಲಿಲ್ಲ. ಕೊನೆಗೆ ಬಗ್ಗಿ, ಇವರ ಕಾಲನ್ನು ಎತ್ತಿದ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಅದನ್ನು ಎತ್ತಿ, ಟೈಲರಮ್ಮ ಬಿಟ್ಟುಹೋದ ಖಾಲಿ ಸೀಟಿನ ಮೇಲೆ ಚಾಚಿಟ್ಟುಕೊಂಡೆ.